ಪಟೇಲರ ಮನೆಯ ಮುಯ್ಯಾಳು

27 ಜುಲೈ 2024, ಶನಿವಾರ

ಒಟ್ಲು ಬಿಟ್ಟು ಇವತ್ತಿಗೆ ಒಂಬತ್ತು ದಿನ. ಮಡಿಯ ತುಂಬ ಭತ್ತದ ಸಸಿ ಒಂದೇ ಸಮ ಎದ್ದಿದೆ. ನಾಲೆಗೆ ನೀರು ಬಂದಿದೆ. ಆಗಸ್ಟ್ ಹದಿನೈದರ ಆಸುಪಾಸಿಗೆ ನಾಟಿ ಮುಗಿಯಬೇಕು, ಸಸಿ ಬಲಿತರೆ ಕೆಲಸಕ್ಕೆ ಬಾರದು.

ಗೊಬ್ಬರದ ಅಂಗಡಿಯವರು ಕೊಟ್ಟ ಈ ಡೈರಿಯಲ್ಲಿ ಮಳೆ, ಬೆಳೆ, ಪಂಪ್‌ಸೆಟ್ ಬಿಟ್ಟು ಬೇರೆ ಬರೆದವನಲ್ಲ ನಾನು. ಇವತ್ತು ಬರೆಯುತ್ತೇನೆ, ಅಷ್ಟು ಹೊಟ್ಟೆ ಉರಿದಿದೆ. ಮಧ್ಯಾಹ್ನ ಚಿಕ್ಕಪ್ಪನ ಮಗ ರಜನೀಶ್ ಹಾಸನದಿಂದ ಕಾರಿನಲ್ಲಿ ಬಂದ. ಬರುವ ದಾರಿಯಲ್ಲಿ ಕೆಳಗಿನ ಬೀದಿಯ ಪಾಪಮ್ಮನ ಗದ್ದೆಯ ಕೆಸರಿನಲ್ಲಿ ನೀಲಾಂಬಿಕೆ ಸೀರೆ ಎತ್ತಿಕಟ್ಟಿ ಬಗ್ಗಿ ನಾಟಿ ಹಾಕುತ್ತಿದ್ದುದನ್ನು ಕಣ್ಣಾರೆ ನೋಡಿಕೊಂಡು ಬಂದಿದ್ದಾನೆ. ಕಾಫಿ ಕುಡಿಯುತ್ತಾ, "ಏನಣ್ಣ, ಅತ್ತಿಗೆ ಈಗ ಕೂಲಿಗೆ ಹೋಗ್ತಾರಾ?" ಎಂದು ನಗುತ್ತಾ ಕೇಳಿದ. ನನ್ನ ಹೆಂಡತಿ, ಪಟೇಲರ ಮನೆ ಸೊಸೆ.

ಕೂಲಿ ಬೇರೆ, ಮುಯ್ಯಾಳು ಬೇರೆ ಎಂದು ಅವನಿಗೆ ಬಿಡಿಸಿ ಹೇಳುವ ಮನಸ್ಸಾಗಲಿಲ್ಲ. ಇವತ್ತು ಅವಳ ಗದ್ದೆಗೆ ಇವಳು, ನಾಳೆ ಇವಳ ಗದ್ದೆಗೆ ಅವಳು. ದುಡ್ಡಿನ ಮಾತಿಲ್ಲ, ಮಧ್ಯಾಹ್ನ ಒಂದು ಊಟ, ಅಷ್ಟೇ. ಆದರೆ ಕಾರಿನಲ್ಲಿ ಕೂತವನಿಗೆ ಇದೆಲ್ಲ ಕಾಣುತ್ತದೆಯೇ? ನೀಲಾಂಬಿಕೆ ಅರಕಲಗೂಡು ಕಡೆಯವಳು, ತವರಿನಲ್ಲಿ ಅದೇ ರೂಢಿ. ನಮ್ಮಪ್ಪ ಇರುವತನಕ ತಡೆದುಕೊಂಡಿದ್ದಳು. ಅಪ್ಪ ಹೋದ ಮೇಲೆ, ಇಪ್ಪತ್ತು ವರ್ಷದಿಂದ, ಕೆಳಗಿನ ಬೀದಿಯ ಹೆಂಗಸರ ಸಾಲಿನಲ್ಲಿ ಇವಳೂ ಒಬ್ಬಳು. ಎಷ್ಟು ಜಗಳವಾಡಿದರೂ ಕೇಳಿದವಳಲ್ಲ.

ಸಂಜೆ ಬಂದು ಕಾಲು ತೊಳೆಯುವಾಗ ನೋಡಿದೆ. ಎರಡು ತೋಳಿನಲ್ಲೂ, ಮೊಣಕಾಲ ಹಿಂದೆಯೂ ನೇರಳೆ ಹಣ್ಣಿನ ಬಣ್ಣದ ಕಲೆಗಳು. ಎಲ್ಲಿ ತಗುಲಿತೋ ಗೊತ್ತಿಲ್ಲ ಅಂದಳು. ಊರವರ ಸಸಿ ಹೊರೆ ಹೊತ್ತರೆ ಇನ್ನೇನಾಗುತ್ತೆ, ಆಗಲಿ ಬಿಡು ಅಂದೆ. ನಮ್ಮ ಮನೆಯಲ್ಲಿ ಮುಯ್ಯಾಳು ಹೋಗುವ ಪದ್ಧತಿ ಇಲ್ಲ ಎಂದೂ ಹೇಳಿದೆ. ಅವಳು ವಾದಕ್ಕೆ ಬರಲಿಲ್ಲ. ಸುಸ್ತು ಎಂದು ಊಟ ಮಾಡದೆ ಮಲಗಿದಳು. ವಾದ ಮಾಡದೆ ಮಲಗಿದ್ದು ಇದೇ ಮೊದಲು, ನಾನು ಹೇಳಿದ್ದು ಈ ಸಲ ನಾಟಿರಬೇಕು.

1 ಆಗಸ್ಟ್, ಗುರುವಾರ

ಎರಡು ದಿನದಿಂದ ನೀಲಾಂಬಿಕೆಯ ವಸಡಿನಲ್ಲಿ ರಕ್ತ. ಹಲ್ಲುಜ್ಜಿದರೆ ತಂಬಿಗೆ ನೀರೆಲ್ಲ ಕೆಂಪು. ಹೊಳೆನರಸೀಪುರದಲ್ಲಿ ಹಲ್ಲಿನ ಡಾಕ್ಟರಿಗೆ ತೋರಿಸಿದೆ. ಚಿಕ್ಕ ವಯಸ್ಸಿನವನು, ಮಾತ್ರೆ ಬರೆದು ಕಳಿಸುತ್ತಾನೆ ಅಂದುಕೊಂಡೆ. ಅವನು ಬಾಯಿ ನೋಡಿದ್ದಕ್ಕಿಂತ ತೋಳು ನೋಡಿದ್ದೇ ಹೆಚ್ಚು. ಹಲ್ಲು ಮುಟ್ಟುವುದಿಲ್ಲ, ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂದ.

ಲ್ಯಾಬಿನವರು ಒಂದು ಸಲ ರಕ್ತ ತೆಗೆದು, ಅರ್ಧ ಗಂಟೆಗೆ ಇನ್ನೊಂದು ಸಲ ಬೇಕು ಅಂದರು. ಮೊದಲನೆಯದನ್ನು ಚೆಲ್ಲಿದಿರಾ ಎಂದು ಜೋರು ಮಾಡಿದೆ. ಚೆಲ್ಲಿಲ್ಲ ಸಾರ್, ಮಿಷಿನ್ ತೋರಿಸಿದ್ದು ನಂಬೋಕಾಗಲಿಲ್ಲ ಅಂದಳು ಆ ಹುಡುಗಿ.

2 ಆಗಸ್ಟ್, ಶುಕ್ರವಾರ

ಹಾಸನ. ಡಾಕ್ಟರು ರಿಪೋರ್ಟ್ ನೋಡಿ ಬಾಗಿಲು ಹಾಕಿಸಿದರು. ರಕ್ತದ ಕ್ಯಾನ್ಸರ್ ಇರಬಹುದು, ಇವತ್ತೇ ಮೈಸೂರಿಗೆ ಹೊರಡಿ, ಮನೆಗೆ ಹೋಗಿ ಬಟ್ಟೆ ತರುತ್ತೇವೆ ಅನ್ನಬೇಡಿ ಅಂದರು.

ತೋಳಿನ ಕಲೆಗಳು ಹೊರೆ ಹೊತ್ತಿದ್ದರಿಂದ ಅಲ್ಲವಾ ಎಂದು ಕೇಳಿದೆ. ಅಲ್ಲ ಅಂದರು.

3 ಆಗಸ್ಟ್, ಶನಿವಾರ, ಮೈಸೂರು

ಡಾಕ್ಟರ್ ರೂಪಶ್ರೀ ಅಂತ. ನಮ್ಮ ಮಗಳು ಸೌಜನ್ಯಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಹಿರಿಯ ಡಾಕ್ಟರು ಯಾರೂ ಇಲ್ಲವಾ ಎಂದು ನರ್ಸನ್ನು ಕೇಳಿದೆ. ಇವರೇ ಹಿರಿಯರು ಅಂದಳು.

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡುತ್ತೇನೆ. ಇದು ಬೇಗ ಪ್ರಾಣ ತೆಗೆಯುವ ಜಾತಿಯ ಕ್ಯಾನ್ಸರ್, ಹಾಗೆಯೇ ಪೂರ್ತಿ ಗುಣವಾಗುವ ಜಾತಿಯದೂ ಹೌದು. ಮೊದಲ ಎರಡು ಮೂರು ವಾರ ದಾಟಬೇಕು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಇರಬೇಕಾದದ್ದು ಅವಳಲ್ಲಿ ಒಂಬತ್ತು ಸಾವಿರ ಇದೆ. ಈ ಹೊತ್ತಿನಲ್ಲಿ ಕೆಮ್ಮಿದರೂ ತಲೆಯೊಳಗೆ ರಕ್ತ ಸೋರಬಹುದು. ಮಾತ್ರೆ ಇದೆ, ಡ್ರಿಪ್ಪಿನಲ್ಲಿ ಕೊಡುವ ಆರ್ಸೆನಿಕ್ ಇದೆ. ಅವು ಕೆಲಸ ಮಾಡುವವರೆಗೆ ಬೇರೆಯವರ ಪ್ಲೇಟ್‌ಲೆಟ್ ಹಾಕಿ ಅವಳನ್ನು ಉಳಿಸಿಕೊಳ್ಳಬೇಕು.

ಆರ್ಸೆನಿಕ್ ಅಂದರೆ ಪಾಷಾಣ ಅಲ್ಲವಾ ಎಂದು ನಾನು ಎದ್ದು ನಿಂತೆ. ಹೌದು, ಅದೇ, ಅಂದರು. ನೀಲಾಂಬಿಕೆ ಮಲಗಿದ್ದವಳು, "ಇಪ್ಪತ್ತೆಂಟು ವರ್ಸ ಇವ್ರ ಜೊತೆ ಬಾಳಿದೀನಿ. ಪಾಸಾಣ ನಂಗೇನ್ ಮಾಡ್ತದೆ ಡಾಕ್ಟ್ರೇ, ಆಕ್ಬುಡಿ," ಅಂದಳು. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಸೊಂಟದ ಮೂಳೆಗೆ ಸೂಜಿ ಚುಚ್ಚಿ ಮಜ್ಜೆ ತೆಗೆದರು. ಪಕ್ಕದ ಕೋಣೆಯಲ್ಲಿ ಒಬ್ಬ ಗಂಡಸು ಅದಕ್ಕೇ ಕೂಗಿಕೊಂಡಿದ್ದ. ಇವಳು ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದಳು, ಒಂದು ಸದ್ದಿಲ್ಲ. ಹೊರಗೆ ಬಂದ ನರ್ಸು, ಯಾರ ಮನೆಯವರು ಇವರು ಎಂದು ಕೇಳಿದಳು. ಪಟೇಲರ ಮನೆಯವರು ಅಂದೆ.

ಆಗಲಿ ಬಿಡು ಅಂದಿದ್ದೆ. ಆ ಮಾತು ತಲೆಯಿಂದ ಹೋಗುತ್ತಿಲ್ಲ.

5 ಆಗಸ್ಟ್, ಸೋಮವಾರ

ಎರಡು ದಿನ ಪ್ಲೇಟ್‌ಲೆಟ್ ಆಸ್ಪತ್ರೆಯ ದಾಸ್ತಾನಿನಿಂದಲೇ ಕೊಟ್ಟರು. ಇನ್ನು ಮೇಲೆ ನೀವೇ ದಾನಿಗಳನ್ನು ಕರೆತನ್ನಿ, ದಿನ ಬಿಟ್ಟು ದಿನವಾದರೂ ಒಬ್ಬರು ಬೇಕು ಅಂದರು. ಎಷ್ಟಾದರೂ ಕೊಡುತ್ತೇನೆ, ನೀವೇ ತರಿಸಿ ಅಂದೆ. ರಕ್ತ ಮಾರುವ ಹಾಗಿಲ್ಲ ಸಾರ್, ಮನುಷ್ಯರು ಬಂದು ಕೊಡಬೇಕು ಅಂದರು.

ನನ್ನ ತೋಳು ಚಾಚಿದೆ. ರಕ್ತದ ಗುಂಪು ಬೇರೆ, ಜೊತೆಗೆ ಬಿಪಿ, ವಯಸ್ಸು. ಬೇಡವಂತೆ. ನೂರು ವರ್ಷದ ಪಟೇಲಿಕೆಯ ರಕ್ತವನ್ನು ಒಬ್ಬ ಹುಡುಗ ಒಂದು ನಿಮಿಷದಲ್ಲಿ ಬೇಡ ಅಂದ. ಸೌಜನ್ಯ ಚನ್ನರಾಯಪಟ್ಟಣದಿಂದ ಬಂದಿದ್ದಾಳೆ, ಪಾಠ ಮಾಡುವ ಸ್ಕೂಲಿಗೆ ರಜೆ ಹಾಕಿ. ಅವಳದು ತೂಕ ಸಾಲದಂತೆ.

ರಜನೀಶನಿಗೆ ಫೋನ್ ಮಾಡಿದೆ. ರಕ್ತ ಕೊಡು ಎಂದು ಕೇಳಲಿಲ್ಲ, ಹೀಗಾಗಿದೆ ಎಂದು ಹೇಳಿದೆ ಅಷ್ಟೇ, ಅರ್ಥವಾಗಬೇಕಲ್ಲ. ಅಯ್ಯೋ ಅತ್ತಿಗೆ ಎಂದು ಎರಡು ಸಲ ಅಂದು, ಏನಾದರೂ ಬೇಕಾದರೆ ಹೇಳಿ ಎಂದು ಇಟ್ಟ. ಉಳಿದ ದಾಯಾದಿಗಳೂ ಹಾಗೇ.

ಸೌಜನ್ಯ ಮೊಬೈಲಿನಲ್ಲಿ ಊರಿನ ವಾಟ್ಸ್ಯಾಪ್ ಗುಂಪಿಗೆ ಹಾಕುವುದಕ್ಕೆ ಬರೆದು ತೋರಿಸಿದಳು, ಪಟೇಲ್ ಅಮರನಾಥರ ಪತ್ನಿಗೆ ಬಿ ಪಾಸಿಟಿವ್ ದಾನಿಗಳು ತುರ್ತಾಗಿ ಬೇಕು ಅಂತ. ಅಳಿಸು ಅಂದೆ. ನಮ್ಮದು ಕೊಟ್ಟ ಮನೆ, ಕೇಳಿದ ಮನೆಯಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. ನನ್ನ ಹೆಸರು ತೆಗೆದಳು. "ನೀಲಾಂಬಿಕೆಗೆ ರಕ್ತ ಬೇಕು" ಎಂದು ಮೂರೇ ಪದ ಮಾಡಿ, ಆಸ್ಪತ್ರೆ ಹೆಸರು ಸೇರಿಸಿ ಕಳಿಸಿಬಿಟ್ಟಳು. ಅದಕ್ಕೆ ಯಾರು ಬರುತ್ತಾರೆ ಅಂದೆ. ನೋಡಾಣ ಅಪ್ಪ ಅಂದಳು.

6 ಆಗಸ್ಟ್, ಮಂಗಳವಾರ

ಬೆಳಿಗ್ಗೆ ಎಂಟಕ್ಕೇ ಪಾಪಮ್ಮನ ಮಗ ಮಧುಕುಮಾರ್ ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ದ. ಅರಕಲಗೂಡು ಸಂತೆಗೆ ಸಾಮಾನು ಸಾಗಿಸುವ ಸಣ್ಣ ಗಾಡಿ ಇದೆ ಅವನದು. ಬಾಡಿಗೆ ಬಿಟ್ಟು ಅದರಲ್ಲೇ ಬಂದಿದ್ದಾನೆ. ಅವ್ವ ಕಳಿಸ್ತು ಅಂದ.

ಗುಂಪು ಸರಿಹೋಯಿತು. ಒಂದೂವರೆ ಗಂಟೆ ಮಿಷಿನ್ ಪಕ್ಕ ಮಲಗಿದ್ದ. ಒಂದು ತೋಳಿನಿಂದ ರಕ್ತ ಹೋಗಿ, ಬೇಕಾದದ್ದನ್ನು ಮಿಷಿನ್ ಹಿಡಿದುಕೊಂಡು, ಉಳಿದದ್ದು ವಾಪಸು ಬರುತ್ತದೆ. ಜೇನಿನ ಬಣ್ಣದ್ದು, ಒಂದು ಚೀಲ. ಮಧ್ಯಾಹ್ನ ಅದು ನೀಲಾಂಬಿಕೆಯ ಮೈ ಸೇರಿತು.

ಯಾರ ಹಂಗೂ ನಮಗೆ ಬೇಡ. ಹೊರಡುವಾಗ ಅವನ ಅಂಗಿ ಜೇಬಿಗೆ ನೋಟು ಮಡಿಚಿ ಇಟ್ಟೆ. ಅವನು ತೆಗೆದು ನೋಡಿದ. ಅವನಿಗೆ ಕುಡಿಯಲು ಕೊಟ್ಟಿದ್ದ ಜ್ಯೂಸ್ ಹಾಗೇ ಇತ್ತು, ಅದರ ಕೆಳಗೆ ನೋಟು ಇಟ್ಟು, "ಬತ್ತೀನಿ ಸಾ," ಎಂದು ಹೋದ. ಕಡಿಮೆಯಾಯಿತು ಅಂತ ಕಾಣುತ್ತೆ. ನಾಳೆ ಬರುವವರಿಗೆ ಜಾಸ್ತಿ ಕೊಡಬೇಕು.

8 ಆಗಸ್ಟ್, ಗುರುವಾರ

ನಿನ್ನೆ ಯಾರೂ ಬರಲಿಲ್ಲ. ಇವತ್ತು ಹನ್ನೊಂದಾದರೂ ಯಾರೂ ಇಲ್ಲ. ಮೊನ್ನೆ ಏರಿದ್ದ ಪ್ಲೇಟ್‌ಲೆಟ್ ಮತ್ತೆ ಹನ್ನೊಂದು ಸಾವಿರಕ್ಕೆ ಇಳಿದಿದೆ. ಅವಳ ಬಲಗಣ್ಣಿನ ಬಿಳಿ ಭಾಗ ಪೂರ್ತಿ ಕೆಂಪು. ರಕ್ತ ಸೋರಲು ಶುರುವಾಗಿದೆ, ಸಂಜೆಯೊಳಗೆ ಒಂದು ಚೀಲವಾದರೂ ಬೇಕು ಎಂದು ಡಾಕ್ಟರ್ ರೂಪಶ್ರೀ ಬಂದು ಹೇಳಿ ಹೋದರು.

ಕೆಳಗಿನ ಬೀದಿಯವರು ಅಷ್ಟೇ, ಒಂದು ದಿನದ ಉತ್ಸಾಹ ಎಂದು ಬಯ್ಯುತ್ತಿದ್ದೆ. ನೀಲಾಂಬಿಕೆ, ಮಧು ಹೋಗುವಾಗ ಏನಾಯಿತು ಎಂದು ಕೇಳಿದಳು. ಏನಿಲ್ಲ, ದುಡ್ಡು ಕೊಟ್ಟೆ, ಸಾಲದು ಅಂತ ಇಟ್ಟು ಹೋದ ಅಂದೆ.

ಅವಳು ಕಣ್ಣು ಮುಚ್ಚಿದಳು. "ಮುಯ್ಯಿಗೆ ಬಂದೋನ್ಗೆ ದುಡ್ಡು ಕೊಟ್ರಾ? ದುಡ್ಡು ಕೊಟ್ರೆ ಏನರ್ಥ ಗೊತ್ತಾ? ಇಲ್ಗೆ ಮುಗೀತು, ನೀವ್ ನಮ್ ಮನೆ ಕಡೆ ಬರ್ಬ್ಯಾಡಿ, ನಾವೂ ಬರಾಕಿಲ್ಲ, ಅಂತ. ಇಪ್ಪತ್ತು ವರ್ಸದ್ದನ್ನ ಒಂದು ನೋಟಲ್ಲಿ ಕಿತ್ತಾಕ್ಬುಟ್ರಲ್ಲ," ಅಂದಳು.

ನೀನೇ ಒಂದು ಮಾತು ಹೇಳು, ಫೋನ್ ಮಾಡಿಕೊಡುತ್ತೇನೆ ಅಂದೆ. "ನಾನ್ ಮಾಡಾಕಿಲ್ಲ. ನಾನ್ ಸತ್ರೂ ಚಿಂತಿಲ್ಲ. ನೀವ್ ಮಾಡಿದ್ದು, ನೀವೇ ಕೇಳಿ," ಅಂದು ಗೋಡೆ ಕಡೆ ತಿರುಗಿದಳು.

ವರಾಂಡದಲ್ಲಿ ಒಂದು ಗಂಟೆ ಓಡಾಡಿದೆ. ಐವತ್ತೇಳು ವರ್ಷದಲ್ಲಿ ನಾನು ಯಾರನ್ನೂ ಏನನ್ನೂ ಕೇಳಿಲ್ಲ. ಹೆಣ್ಣು ಕೇಳಲು ಹೋದದ್ದು ಕೂಡ ಅಪ್ಪ. ಕೇಳುವುದು ಹೇಗೆ ಶುರುಮಾಡಬೇಕು ಎನ್ನುವುದೇ ಗೊತ್ತಿರಲಿಲ್ಲ. ಕೊನೆಗೆ ಪಾಪಮ್ಮನ ನಂಬರ್ ಒತ್ತಿದೆ. ನಾನು ಅಮರನಾಥ ಅಂದೆ. ತಪ್ಪಾಯಿತು, ದುಡ್ಡು ಕೊಡಬಾರದಿತ್ತು, ಅವಳ ಕಣ್ಣಿನಲ್ಲಿ ರಕ್ತ ಬಂದಿದೆ, ಜನ ಕಳಿಸಿಕೊಡಿ ಅಂದೆ.

"ಮಧು ಬಂದು, ಪಟೇಲ್ರು ದುಡ್ಡು ಕೊಟ್ಟು ತರಿಸ್ಕತ್ತಾರಂತೆ, ನಮ್ಮದು ಬ್ಯಾಡ್ವಂತೆ ಅಂದ ಸಾ. ಅದ್ಕೇ ಸುಮ್ಕಾದೊ," ಅಂದಳು ಪಾಪಮ್ಮ. ಆಮೇಲೆ ದನಿ ಬೇರೆ ಆಯಿತು. "ನನ್ ಬಾಣಂತನದಾಗೆ ನನ್ ಪಾಲಿನ್ ಗದ್ದೇನೂ ನೀಲವ್ವನೇ ನೆಟ್ಟದ್ದು. ಬತ್ತೀವಿ ಬುಡಿ. ನೀವ್ ಅವ್ಳ ತಾವ ಕುಂತಿರಿ."

ನಾಲ್ಕು ಗಂಟೆಗೆ ಮಧುಕುಮಾರನ ಗಾಡಿ ಬಂತು.

9 ಆಗಸ್ಟ್, ಶುಕ್ರವಾರ

ನಿನ್ನೆ ಪೂರ್ತಿ ಬರೆಯಲಾಗಲಿಲ್ಲ. ಗಾಡಿಯಲ್ಲಿ ಏಳು ಜನ. ನೀಲಾಂಬಿಕೆ ಯಾರ ಯಾರ ಗದ್ದೆಗೆ ಇಳಿದಿದ್ದಳೋ ಆ ಮನೆಗೊಬ್ಬರಂತೆ. ಯಾರ ಗಂಡ, ಯಾರ ತಮ್ಮ, ಯಾರ ಅಳಿಯ. ನಾಲ್ವರ ಗುಂಪು ಹೊಂದಿತು. ಒಬ್ಬ ನಿನ್ನೆಯೇ ಕೊಟ್ಟ. ಉಳಿದವರಿಗೆ ದಿನ ಹಾಕಿ ಕಳಿಸಿದ್ದಾರೆ, ಸರದಿ ಪ್ರಕಾರ ಬರುತ್ತಾರೆ.

ಪಾಪಮ್ಮನೂ ಬಂದಿದ್ದಳು. ಅವಳಲ್ಲೇ ರಕ್ತ ಕಮ್ಮಿ ಎಂದು ಬೇಡ ಅಂದರು. ಮೂಟೆ ಹೊರುವ ಮೈ ಇದು, ರಕ್ತ ಇಲ್ಲದೆ ಹೊರ್ತೀನಾ ಎಂದು ಅವಳು ರಕ್ತ ತೆಗೆಯುವ ಹುಡುಗನ ಜೊತೆ ವಾದಕ್ಕೆ ನಿಂತಳು. ನನ್ನದೂ ಬೇಡ ಅಂದರು ಬಾ ಎಂದು ಕರೆದುಕೊಂಡು ಬಂದೆ. ಬೇಡವಾದವರಿಬ್ಬರೂ ಬೆಂಚಿನ ಮೇಲೆ ಕೂತೆವು. ಅವಳು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಎರಡು ತಿಂದೆ. ಪಾಪಮ್ಮನ ಕೈಯ ರೊಟ್ಟಿ ತಿಂದದ್ದು ಇದೇ ಮೊದಲು. ಅದನ್ನೇಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ.

ಪ್ಲೇಟ್‌ಲೆಟ್ ಮೂವತ್ತೊಂದು ಸಾವಿರ.

15 ಆಗಸ್ಟ್

ಬೆಳಿಗ್ಗೆಯಿಂದ ಉಸಿರು ಸಿಗುತ್ತಿಲ್ಲ ಅವಳಿಗೆ. ಮಾತ್ರೆಗೆ ಮೈ ತಿರುಗಿಬಿದ್ದಿದೆಯಂತೆ, ಹೀಗಾಗುತ್ತದೆ, ಇದಕ್ಕೂ ಔಷಧಿ ಇದೆ ಎಂದು ಡಾಕ್ಟರು ಹೇಳುತ್ತಲೇ ಓಡಿದರು. ಐಸಿಯು. ಒಳಗೆ ಬಿಡುತ್ತಿಲ್ಲ.

16 ಆಗಸ್ಟ್

ಹಾಗೇ ಇದೆ.

20 ಆಗಸ್ಟ್, ಮಂಗಳವಾರ

ಇವತ್ತು ವಾರ್ಡಿಗೆ ಬಂದಳು. ಬಂದವಳು ಕೇಳಿದ ಮೊದಲ ಮಾತು, ಒಟ್ಲು ಏನಾಯಿತು ಅಂತ. ನನಗೆ ಅದು ಮರೆತೇಹೋಗಿತ್ತು. ಮರೆತೆ ಎಂದು ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ಮೂವತ್ತು ವರ್ಷ ಬೇಸಾಯ ಮಾಡಿದವನು ಒಟ್ಲು ಮರೆತೆ.

ಮಧುಕುಮಾರನಿಗೆ ಫೋನ್ ಮಾಡಿದರೆ, "ಭಾನ್ವಾರಕ್ಕೇ ಮುಗೀತಲ್ಲ ಸಾ. ಹೆಂಗಸ್ರೆಲ್ಲ ಸೇರ್ಕಂಡು ನೆಟ್ಬುಟ್ರು. ನಮ್ ಬೀದಿ ಅಣ್ಣಯ್ಯ ಉಳುಮೆ ಮಾಡ್ದ," ಅಂದ. ಎಷ್ಟಾಯಿತು ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಊಟ ಯಾರು ಹಾಕಿದರು ಎಂದು ಕೇಳಿದೆ. ಅವರವರೇ ಬುತ್ತಿ ತಂದುಕೊಂಡರಂತೆ. ಮುಯ್ಯಾಳಿಗೆ ಬಂದವರು ನಮ್ಮ ಗದ್ದೆಯ ಬದುವಿನಲ್ಲಿ ತಮ್ಮ ಬುತ್ತಿ ತಾವೇ ಬಿಚ್ಚಿದ್ದಾರೆ. ಆ ಅವಮಾನ ನನಗೆ.

ಪ್ಲೇಟ್‌ಲೆಟ್ ಐವತ್ತೆಂಟು ಸಾವಿರ, ಅದೂ ಅವಳದೇ, ಬೇರೆಯವರದಲ್ಲ. ಸ್ವಂತ ಇಳುವರಿ. ವಾರ್ಡಿನಲ್ಲೆಲ್ಲ ಹೇಳಿಕೊಂಡು ಬಂದೆ.

6 ಸೆಪ್ಟೆಂಬರ್, ಶುಕ್ರವಾರ, ಗೌರಿ ಹಬ್ಬ

ಮನೆಗೆ ಬಂದೆವು. ಮಜ್ಜೆಯಲ್ಲಿ ಕೆಟ್ಟ ಕಣ ಕಾಣುತ್ತಿಲ್ಲ ಎಂದು ಡಾಕ್ಟರ್ ರೂಪಶ್ರೀ ಕೈ ಹಿಡಿದು ಹೇಳಿದರು. ಇನ್ನೂ ಏಳೆಂಟು ತಿಂಗಳು ಪಾಷಾಣ ತಪ್ಪುವುದಿಲ್ಲ. ಅದನ್ನು ಹಾಸನದಲ್ಲೇ ಹಾಕುತ್ತಾರೆ. ಎಳೆ ವಯಸ್ಸಿನ ಡಾಕ್ಟರು ಎಂದು ಯಾರಾದರೂ ಅಂದರೆ ಇನ್ನು ನಾನು ಸುಮ್ಮನಿರುವುದಿಲ್ಲ.

ಊರ ಹತ್ತಿರ ಕಾರು ನಿಲ್ಲಿಸಿ ಅಂದಳು. ಇಳಿಯಲು ಬಿಡಲಿಲ್ಲ, ಕಿಟಕಿ ಇಳಿಸಿದೆ. ನಮ್ಮ ಗದ್ದೆ. ಒಂದು ಗೇಣು ಎದ್ದು ಗಾಳಿಗೆ ಆಡುತ್ತಿದೆ, ಸಾಲು ದಾರ ಹಿಡಿದ ಹಾಗೆ. ಮೂಲೆಯ ನಾಲ್ಕು ಸಾಲು ತೋರಿಸಿ, ಅದು ಪಾಪಮ್ಮನ ಕೈ, ಒತ್ತಾಗಿ ನೆಡುತ್ತಾಳೆ, ಎಷ್ಟು ಹೇಳಿದರೂ ಕೇಳುವುದಿಲ್ಲ ಅಂದಳು. ನಾಟಿ ನೋಡಿ ಕೈ ಹೇಳುತ್ತಾಳೆ. ಇಂಥವಳು ನನ್ನ ಹೆಂಡತಿ ಎನ್ನುವುದು ನನಗೆ ಇಪ್ಪತ್ತೆಂಟು ವರ್ಷ ಯಾಕೆ ತಿಳಿಯಲಿಲ್ಲ.

ಹೆಂಗಸರು ಬಾಗಿಲ ಹೊರಗೇ ನಿಂತು ಮಾತಾಡಿಸಿದರು, ಸೋಂಕು ತಗುಲೀತು ಅಂತ. ಬಾಗಿನ ಹೊಸ್ತಿಲ ಮೇಲೆ ಇಟ್ಟು ಹೋದರು. ಅವಳು ಒಳಗಿನಿಂದ ಎಲ್ಲರನ್ನೂ ಹೆಸರು ಹಿಡಿದು ಬೈದಳು, ಬದುವಿನಲ್ಲಿ ಬುತ್ತಿ ಬಿಚ್ಚಿದ್ದಕ್ಕೆ.

13 ನವೆಂಬರ್, ಬುಧವಾರ

ವಾರಕ್ಕೆ ಐದು ದಿನ ಹಾಸನ. ಬೆಳಗಿನ ಬಸ್ಸು, ಡ್ರಿಪ್ಪು, ಮಧ್ಯಾಹ್ನದ ಬಸ್ಸು. ತುಟಿ ಒಡೆದಿದೆ, ತಲೆನೋವು, ನಾಲಿಗೆಗೆ ರುಚಿಯಿಲ್ಲ. ನರ್ಸು ಬಂದರೆ, ಇವತ್ತಿನ ಪಾಷಾಣ ಕೊಡವ್ವ ಎಂದು ತೋಳು ಚಾಚುತ್ತಾಳೆ. ಆ ಕೋಣೆಗೆ ಅವಳೇ ಪಟೇಲಳು.

ಇವತ್ತು ಕಟ್ಟಾಯದ ಒಬ್ಬ ಹೆಂಗಸು ಬಂದಿತ್ತು, ಗಂಡನಿಗೆ ರಕ್ತದ ಕಾಯಿಲೆ ಗೊತ್ತಾಗಿ ಮೂರು ದಿನ. ಅಳು ನಿಲ್ಲುತ್ತಿಲ್ಲ. ನೀಲಾಂಬಿಕೆ ಪಕ್ಕಕ್ಕೆ ಕೂರಿಸಿಕೊಂಡು, "ಅಳೋದು ಆಮೇಲೂ ಅಳ್ಬೋದು. ನೀನು ಯಾರ್ ಯಾರ ಒಲಕ್ಕೆ ಓಗಿದೀಯೆ, ಅವ್ರ ಎಸರು ಏಳು," ಅಂದಳು. ಆ ಹೆಂಗಸು ಒಂದೊಂದೇ ಹೆಸರು ಹೇಳುತ್ತಾ ಅಳು ಮರೆಯಿತು. ನಾಳೆಗೇ ಒಬ್ಬರು ಬೇಕು, ಗುಂಪು ಅದೇ ಬಿ ಪಾಸಿಟಿವ್. ನಾನು ಮಧುಕುಮಾರನಿಗೆ ಫೋನ್ ಮಾಡಿ ಕೇಳಿದೆ. ಬರುತ್ತಾನೆ. ಗುರುತು ಪರಿಚಯ ಇಲ್ಲದವರಿಗಾಗಿ ಕೇಳಿದಿರಲ್ಲ ಎಂದು ನೀಲಾಂಬಿಕೆ ನನ್ನನ್ನೇ ನೋಡಿದಳು. ಕೇಳುವುದರಲ್ಲಿ ಏನಿದೆ.

17 ಏಪ್ರಿಲ್ 2025, ಗುರುವಾರ

ಕೊನೆಯ ಸುತ್ತಿನ ಪಾಷಾಣ ಮುಗಿದ ಮೇಲೆ ಮಾಡಿದ ಪರೀಕ್ಷೆಯ ರಿಪೋರ್ಟ್ ಬಂತು. ಲಕ್ಷಕ್ಕೊಂದು ಕೆಟ್ಟ ಕಣ ಇದ್ದರೂ ಹುಡುಕುವ ಪರೀಕ್ಷೆಯಂತೆ. ಇಲ್ಲ. ಹುಡುಕಿದರೂ ಇಲ್ಲ. ಎರಡು ವರ್ಷ ಆಗಾಗ ನೋಡುತ್ತಿರಬೇಕು, ಮರಳುವುದು ಅಪರೂಪ ಅಂದರು ಡಾಕ್ಟರ್ ರೂಪಶ್ರೀ. ಒಂದು ವರ್ಷ ಕೆಸರಿಗೆ ಇಳಿಯಬೇಡಿ ಎಂದೂ ಅಂದರು. ನೀಲಾಂಬಿಕೆಯ ಮುಖ ಸಪ್ಪಗಾದದ್ದು ಆ ಮಾತಿಗೆ ಮಾತ್ರ.

ಮೈಸೂರಿನಿಂದ ಬರುವಾಗ ಬಸ್ಸಿನ ಕಂಡಕ್ಟರಿಗೆ ಹೇಳಿದೆ. ಪಕ್ಕದ ಸೀಟಿನವರಿಗೂ ಹೇಳಿದೆ. ಹೊಳೆನರಸೀಪುರದಲ್ಲಿ ಇಳಿದು ಆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ಎರಡು ಕೈ ಮುಗಿದು ಹೇಳಿದೆ. ಹುಡುಗ ಎದ್ದು ನಿಂತುಬಿಟ್ಟ.

ಇವತ್ತು ನಾನು ಅತ್ತುಬಿಟ್ಟೆ, ಬಸ್‌ಸ್ಟ್ಯಾಂಡಿನಲ್ಲಿ. ಅವಳು ಸೆರಗಿನಿಂದ ಒರೆಸಿ, ಜನ ನೋಡ್ತಾರೆ ಪಟೇಲ್ರೇ ಅಂದಳು. ನೋಡಲಿ.

2 ಆಗಸ್ಟ್ 2025, ಶನಿವಾರ

ಪಾಪಮ್ಮನ ಗದ್ದೆಯಲ್ಲಿ ಇವತ್ತು ನಾಟಿ. ನಾಲ್ಕು ದಿನದಿಂದ ನೀಲಾಂಬಿಕೆಗೆ ಅದೇ ಚಿಂತೆ. ಕೆಸರಿಗೆ ಇಳಿಯುವಂತಿಲ್ಲ. ಪಾಪಮ್ಮ ಬಂದು, ನೀನು ಬದುಕಿ ಕುಂತಿದೀಯಲ್ಲ ಅಷ್ಟೇ ಸಾಕು ಎಂದು ಹೇಳಿ ಹೋಗಿದ್ದಳು. ಆಳು ಕಳಿಸೋಣವಾ ಎಂದು ನೀಲಾಂಬಿಕೆ ನನ್ನನ್ನು ಕೇಳಿದಳು. ಮುಯ್ಯಿಗೆ ಕೂಲಿ ಆಳು ಕಳಿಸುತ್ತಾರಾ ಯಾರಾದರೂ? ಮನೆಯವರೇ ಹೋಗಬೇಕು. ಇಷ್ಟು ವರ್ಷ ಹೋದವಳಿಗೆ ಅಷ್ಟೂ ಗೊತ್ತಿಲ್ಲವೇ ಎಂದು ಬೈದು, ಪಂಚೆ ಎತ್ತಿಕಟ್ಟಿ ಹೊರಟೆ.

ಹೆಂಗಸರು ಮೊದಲು ನಂಬಲಿಲ್ಲ. ಗಂಡಸರು ಸಸಿ ಕಿತ್ತು ಹೊರೆ ಕೊಡುವುದು, ನೆಡುವುದು ಹೆಂಗಸರು. ನೀಲಾಂಬಿಕೆ ನೆಡುತ್ತಿದ್ದಳು, ನಾನೂ ನೆಡುತ್ತೇನೆ ಅಂದೆ. ಸಾಲಿನ ನಡುವೆ ಅವಳ ಜಾಗ ಬಿಟ್ಟುಕೊಟ್ಟರು. ಹತ್ತು ನಿಮಿಷಕ್ಕೆ ಸೊಂಟ ಹಿಡಿಯಿತು. ಬದುವಿನ ಮೇಲೆ ಕೊಡೆ ಹಿಡಿದು ಕೂತಿದ್ದ ನೀಲಾಂಬಿಕೆ, "ಎತ್ತು ಉಚ್ಚೆ ಉಯ್ದಂಗೆ ನೆಟ್ಟವ್ರೆ ನೋಡ್ರೇ," ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಳು. ನಗುತ್ತಾ ನಗುತ್ತಾ ಪಾಪಮ್ಮ ಕೆಸರಿನಲ್ಲೇ ಕೂತುಬಿಟ್ಟಳು. ನನಗೂ ನಗು ತಡೆಯಲಾಗಲಿಲ್ಲ. ಮಧ್ಯಾಹ್ನದ ಊಟಕ್ಕೆ ಮುಂಚೆ ಸಾಲು ಸ್ವಲ್ಪ ನೆಟ್ಟಗಾಯಿತು ಎಂದು ನನ್ನ ಅಭಿಪ್ರಾಯ.

ಹನ್ನೆರಡರ ಹೊತ್ತಿಗೆ ರಸ್ತೆಯಲ್ಲಿ ರಜನೀಶನ ಕಾರು ನಿಂತಿತು. ಗಾಜು ಇಳಿಸಿ, "ಅಣ್ಣ, ನೀನೂ ಕೂಲಿಗೆ ಶುರು ಮಾಡಿದ್ಯಾ?" ಅಂದ.

ಸೊಂಟ ನೇರ ಮಾಡಿ ನಿಂತು, "ಕೂಲಿ ಅಲ್ಲ ಕಣ್ಲಾ, ಮುಯ್ಯಾಳು. ನೀಲಾಂಬಿಕೆ ಮನೆಯಿಂದ ಬಂದೀನಿ," ಅಂದೆ. ಅವನು ಗಾಜು ಏರಿಸಿದ.

ಸಂಜೆ ಕಾಲು ತೊಳೆಯುವಾಗ ನನ್ನ ಮೊಣಕಾಲ ಕೆಳಗೆ ಕಪ್ಪಗೆ ಒಂದು ಕಲೆ. ನೀಲಾಂಬಿಕೆಯ ಕೈಯಿಂದ ತಂಬಿಗೆ ಜಾರಿತು. ಕೂತು ಅದನ್ನು ಒತ್ತಿ ನೋಡಿದಳು. ಎಲ್ಲಿ ತಗುಲಿತು, ಯಾವಾಗ, ನೋವಿದೆಯಾ, ಬೇರೆ ಎಲ್ಲಾದರೂ ಇದೆಯಾ ಎಂದು ಕೇಳಿದಳು. ಬದುವಿನ ಕಲ್ಲಿಗೆ ಜಾರಿಬಿದ್ದದ್ದನ್ನು, ಪಾಪಮ್ಮ ನೋಡಿದ್ದನ್ನು ಹೇಳಿದ ಮೇಲೇ ಕಾಲು ಬಿಟ್ಟಳು. ಹೋದ ವರ್ಷ ನಾನು ಇಷ್ಟು ಕೇಳಿರಲಿಲ್ಲ. ಅದನ್ನು ಅವಳಿಗೆ ಹೇಳಿದೆ. ಗೊತ್ತು, ಊಟಕ್ಕೆ ಏಳಿ ಅಂದಳು.

ನಾಳೆ ಅಣ್ಣಯ್ಯನ ಗದ್ದೆ, ನಾಡಿದ್ದು ಸಾಲಿನಲ್ಲಿ ನನ್ನ ಪಕ್ಕ ನೆಟ್ಟ ಭಾಗ್ಯಲಕ್ಷ್ಮಿಯದು. ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡಿದ್ದೇನೆ. ಹಾಸನದಲ್ಲಿ ಕೂತ ರಜನೀಶನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು. ಮುಯ್ಯಿ ತೀರಿಸದೆ ಉಳಿಸಿಕೊಳ್ಳುವ ಪದ್ಧತಿ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ.